ಶಂಭುಲಿಂಗನ ಜೀನೋಮ್ ದಿಗ್ವಿಜಯ

ಮೋದಕಹಸ್ತನೇ, ಲಂಬೋದರನೇ, ಪುಟ್ಟ ಇಲಿಯ ಬೆನ್ನೇರಿ ಮೂರು ಲೋಕ ಸುತ್ತುವ ಮೂಷಕವಾಹನನೇ, ಈ ಕಥನಕ್ಕೆ ವಿಘ್ನ ಬಾರದಂತೆ ಕಾಯಿ! ಸಕಲ ಜೀವರಾಶಿಯ ಅಂತರಂಗವೂ ಅಂತರ್ಜಾಲದಲ್ಲಿ ಬಟ್ಟಬಯಲಾಗಿರುವ ಈ ಕಲಿಯುಗದಲ್ಲಿ, ಧಾರವಾಡದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬೆಂಬ ರಣರಂಗದಲ್ಲಿ, ಎಂ.ಎಸ್ಸಿ.ಕುಲತಿಲಕನೂ ಕೀಲಿಮಣೆಕುಟ್ಟನಪ್ರಚಂಡನೂ ಸೂಚನಾಪಠನಪರಾಙ್ಮುಖನೂ ಆದ ಶಂಭುಲಿಂಗನು ಎಸಗಿದ ಘನಕಾರ್ಯವನ್ನು ಹೇಳುತ್ತೇನೆ, ಕೇಳಿ. ನಗು ಬಂದರೆ ತಡೆದುಕೊಳ್ಳಿ. ಪಾಪ, ಹುಡುಗ ಒಳ್ಳೆಯವನು.

ಅಂದು ಗುರುಪೀಠಾಲಂಕೃತೆಯಾದ ಇನಾಮದಾರ ಮೇಡಂ ಆಜ್ಞೆ ಹೊರಡಿಸಿದ್ದರು: ಪ್ರತಿ ಪ್ರಾಣಿಯ ಎಲ್ಲ ಜೀನ್‌ಗಳ ನಕ್ಷೆ, ಅಂದರೆ ಜೀನೋಮ್, ತೋರಿಸುವ ಜೀನೋಮ್ ಬ್ರೌಸರ್ ಎಂಬ ಜಾಲತಾಣವನ್ನು ತೆರೆದು, ಮನುಷ್ಯನಲ್ಲಿ ಹಾಲನ್ನು ಅರಗಿಸುವ ಜೀನ್ ಎಷ್ಟನೆಯ ಕ್ರೋಮೋಸೋಮಿನ ಮೇಲಿದೆಯೆಂದು ಹುಡುಕಬೇಕು, ಒಂದೇ ಬೆಂಚಿನ ಇಬ್ಬರೂ ಗಂಟೆ ಹೊಡೆಯುವುದರೊಳಗೆ ಒಮ್ಮತದ ಉತ್ತರ ಬರೆಯಬೇಕು, ಇಲ್ಲವಾದರೆ ಜರ್ನಲ್ಲಿಗೆ ಸಹಿಯಿಲ್ಲ, ಸಹಿಯಿಲ್ಲದವರಿಗೆ ನಾಳಿನ ಪ್ರಾಕ್ಟಿಕಲ್ ಪರೀಕ್ಷೆಯೂ ಇಲ್ಲ.

ಜಾಲತಾಣವು ಬಾಗಿಲಲ್ಲೇ ವಿನಯದಿಂದ ಕೇಳಿತು, ಯಾವ ಪ್ರಾಣಿಯ ಜೀನೋಮ್ ಬೇಕೆಂದು. ವೀರನು ಕೆರಳಿದನು.

"ಎದುರಿಗೆ ಮನಷ್ಯಾ ಕುಂತಾನ, ಕಣ್ ಕಾಣಂಗಿಲ್ಲೇನ್ ಇದಕ್ಕ? ಯಾವ ಪ್ರಾಣಿ ಅಂತ ಕೇಳ್ತೈತಿ!"

ಹೀಗೆ ಗರ್ಜಿಸಿ, ಆ ಪ್ರಶ್ನೆಯನ್ನು ತೃಣಸಮಾನವಾಗಿ ಕಂಡು, ಜೀನಿನ ಹೆಸರನ್ನು ಕುಟ್ಟಿ ಒಳನುಗ್ಗಿದನು. ಬಣ್ಣಬಣ್ಣದ ಗೆರೆಗಳು ರೈಲು ಹಳಿಗಳಂತೆ ಪರದೆಯ ತುಂಬ ಹರಡಿಕೊಂಡವು. ಹಿಗ್ಗಿಸಿದನು, ಕುಗ್ಗಿಸಿದನು, ಎಡಕ್ಕೆಳೆದನು, ಬಲಕ್ಕೆ ದಬ್ಬಿದನು, ದಾರಿ ತಪ್ಪಿ ಏನೂ ಇಲ್ಲದ ಬಯಲಿನಲ್ಲಿ ಅಲೆದನು. ಅಂತೂ ಇಂತೂ ಜೀನ್ ಸಿಕ್ಕಿತು.

"ಒಂದನೇ ಕ್ರೋಮೋಸೋಮ್!"

ಪಕ್ಕದ ಕಂಪ್ಯೂಟರಿನಿಂದ ಅವನ ಬೆಂಚಿನ ಜೊತೆಗಾತಿ, ಮಿತಭಾಷಿಣಿಯೂ ಮಹಾಹಠಮಾರಿಯೂ ಆದ ನೀಲಾಂಬಿಕೆ ತಲೆಯೆತ್ತಿದಳು. "ನಂಗ ಎರಡು ಬಂದೈತಿ."

"ನಿಂದು ತಪ್ಪೈತಿ. ಈ ಶಂಭುಲಿಂಗ ಒಂದು ಅಂದ್ರ ಒಂದು! ಆಕಾಶ ಕಳಚಿ ಬಿದ್ರೂ, ಇಡೀ ಲ್ಯಾಬಿನ ಕರೆಂಟ್ ಹೋದ್ರೂ, ನಾ ಹಿಡಿದ ಜೀನ್ ಬಿಡಾಂವ ಅಲ್ಲ!"

"ಕೂಗಬ್ಯಾಡೋ ಮಾರಾಯಾ. ಇನ್ನೊಂದ್ ಸಲ ನೋಡು."

"ನೋಡೂದ ಬ್ಯಾಡ!"

ಕುರ್ಚಿಗಳು ಕಿರುಗುಟ್ಟಿದವು, ಹಿಂದಿನ ಬೆಂಚಿನವರು ಎರಡು ಪಕ್ಷವಾದರು, ಗಡಿಯಾರದ ಮುಳ್ಳು ನಿರ್ದಾಕ್ಷಿಣ್ಯವಾಗಿ ಮುಂದೆ ಧಾವಿಸಿತು. ವೀರನು ಓರೆಗಣ್ಣಿನಿಂದ ಗಡಿಯಾರ ನೋಡಿದನು. ಪರೀಕ್ಷೆ ತಪ್ಪಿದರೆ ವರ್ಷವೇ ಹೋಯಿತಲ್ಲ! ಆದರೂ ಬಾಯಿ ಮಾತ್ರ ಸೋಲಲಿಲ್ಲ.

ಗದ್ದಲ ಕೇಳಿ ಮೇಡಂ ಬಂದರು. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವನ ಪರದೆಯನ್ನು ನೋಡಿದರು.

"ಶಂಭು, ಮ್ಯಾಲೆ ಯಾವ ಪ್ರಾಣಿ ಹೆಸರೈತಿ, ಓದಪಾ."

ವೀರನು ಓದಿದನು. ಸಿಂಹಧ್ವನಿ ಇಳಿದು ಇಳಿದು ಪಿಸುಮಾತಾಯಿತು. "ಇಲಿ ರೀ, ಮೇಡಂ."

ಹಿಂದಿನ ತರಗತಿಯವರು ಆ ಕಂಪ್ಯೂಟರಿನಲ್ಲಿ ಇಲಿಯ ಜೀನೋಮ್ ನೋಡಿ ಹಾಗೆಯೇ ಬಿಟ್ಟುಹೋಗಿದ್ದರು. ನಮ್ಮ ಮಹಾರಥಿ ಅಷ್ಟು ಹೊತ್ತೂ ದಂಡೆತ್ತಿ ಹೋದದ್ದು ಇಲಿಯ ಮೇಲೆ! ಇಲಿಯಲ್ಲಿ ಆ ಜೀನ್ ಒಂದನೆಯ ಕ್ರೋಮೋಸೋಮಿನ ಮೇಲೇ ಇದೆ. ಅಷ್ಟರ ಮಟ್ಟಿಗೆ ಅವನದು ಸರಿ.

ಪ್ರಾಣಿಯ ಹೆಸರನ್ನು ಮನುಷ್ಯನೆಂದು ಬದಲಿಸಿದ ಕೂಡಲೇ ಎರಡು ಮೂಡಿತು. ಶಂಭುಲಿಂಗನು ಜರ್ನಲ್ಲಿನಲ್ಲಿದ್ದ ಒಂದನ್ನು ರಬ್ಬರಿನಿಂದ ತಿಕ್ಕಿ ಎರಡು ಬರೆದನು. ಸಹಿ ಬಿತ್ತು, ಗಂಟೆಯೂ ಹೊಡೆಯಿತು.

"ನಾನೂ ಅದನ್ನ ಹೇಳಾಂವ ಇದ್ದೆ," ಎಂದನು ವೀರ.

"ಹೌದೌದು," ಎಂದಳು ನೀಲಾಂಬಿಕೆ, ಚೀಲ ಹೆಗಲಿಗೇರಿಸುತ್ತ. "ಬಾ ಗಣಪತೀ, ಚಾ ಕುಡಿಯೂಣು. ನಿನ್ನ ವಾಹನಾ ಇಲ್ಲೇ ಇರ್ಲಿ."