ಊರು ಹೇಳದ ಕರೆ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ಲೈನೇ ಕೆಟ್ಟಿರುತ್ತದೆ.

ನಾನು ಬಳ್ಳಾರಿ ಎಕ್ಸ್‌ಚೇಂಜಿನ ಸೂಪರ್‌ವೈಸರ್. ಓದಿದ್ದು ಇಂಗ್ಲಿಷ್ ಮೀಡಿಯಂ. ಅರ್ಧ ವಾಕ್ಯದಲ್ಲಿ ಉತ್ತರ ಕೊಟ್ಟರೆ ಅಲ್ಲಿ ಬೆತ್ತದೇಟು. ಹಾಗಾಗಿ ಊರಿನ ಹೆಸರು ಹೇಳದೆ ಬರೀ ‘ಗೌಡ್ರಿಗೆ ಕೊಡ್ರಿ’ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೇಳದ ಊರನ್ನು ಆಪರೇಟರುಗಳು ತಾವೇ ಊಹಿಸಿ ಸೇರಿಸುತ್ತಿದ್ದರು. ಅದು ಇನ್ನೂ ಉರಿ.

ಅದೇ ಸಮಯಕ್ಕೆ ತಂಗಿಗೆ ಸಿರುಗುಪ್ಪದ ವಕೀಲರ ಮಗನ ಸಂಬಂಧ ಬಂದಿತ್ತು. ಹುಡುಗಿಯನ್ನು ನೋಡಿ ಹೋದ ವಕೀಲರು, "ಫೋನಿನ್ಯಾಗ ತಿಳಿಸ್ತೀವಿ" ಎಂದಿದ್ದರು.

ಕುರುಗೋಡಿನ ಗೌಡ್ರು

ಕೌಲ್ ಬಜಾರಿನ ಮೆಕ್ಯಾನಿಕ್ ಒಬ್ಬ, "ಅಕ್ಕಾವ್ರ, ಗೌಡ್ರಿಗೆ ಕೊಡ್ರಿ" ಎಂದ. ಅವನ ಮನಸ್ಸಿನಲ್ಲಿದ್ದದ್ದು ರೂಪನಗುಡಿ ಗೌಡ್ರು. ನಮ್ಮ ಆಪರೇಟರ್ ಅಕ್ಕ ಕುರುಗೋಡಿಗೆ ಕೊಟ್ಟಳು. "ಗೌಡ್ರ, ನಿಮ್ಮ ಪಂಪಿನ ಎಂಜಿನ್ ರಿಪೇರಿ ಆಗೇತಿ, ತಗೊಂಡು ಹೋಗ್ರಿ" ಎಂದು ಮೆಕ್ಯಾನಿಕ್ ಫೋನಿಟ್ಟ. ಮಧ್ಯಾಹ್ನಕ್ಕೆ ಕುರುಗೋಡಿನ ಗೌಡ್ರು ಬಂಡಿ ಕಟ್ಟಿಕೊಂಡು ಮೆಕ್ಯಾನಿಕ್‌ನ ಮುಂದೆ ಹಾಜರ್.

"ನಿಮಗ ಎಂಜಿನ್ನೇ ಇಲ್ಲಲ್ರಿ ಗೌಡ್ರ!"

"ಇಲ್ಲದ್ದಕ್ಕ ಬಂಡಿ ತಂದೀನಿ."

ನಾನು ಅಕ್ಕನನ್ನು ಕರೆದು, ಕುರುಗೋಡಿಗೆ ಯಾಕೆ ಕೊಟ್ಟೆ ಎಂದು ಕೇಳಿದೆ. ಕುರುಗೋಡು ಅವಳ ತವರು. ಕಣ್ಣರಳಿಸಿ ಅಂದಳು: "ಗೌಡ್ರು ಅಂದ್ರ ನಮ್ಮೂರ ಗೌಡ್ರ ಅಲ್ರಿ ಸಾಹೇಬ್ರ? ಬ್ಯಾರೆ ಊರಾಗೂ ಅದಾರೇನ್ರಿ?"

ಇದ್ದೂರೇ ಊರು

ಅವತ್ತೇ ನಿಯಮ ಮಾಡಿದೆ. ಕರೆ ಮಾಡುವವರು ಊರು ಹೇಳದಿದ್ದರೆ ಅವರು ಇದ್ದೂರೇ ಊರು, ಊಹೆ ಬೇಡ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಕಡೆ ಜಾರಿ.

ಮರುದಿನ ಕುರುಗೋಡಿನ ಹೆಣ್ಣುಮಗಳೊಬ್ಬಳು, "ಆಸ್ಪತ್ರಿಗೆ ಕೊಡ್ರಿ" ಎಂದಳು. ಹಿಂದಾದರೆ ಕಣ್ಣು ಮುಚ್ಚಿ ಬಳ್ಳಾರಿ ಆಸ್ಪತ್ರೆಗೆ ಕೊಡುತ್ತಿದ್ದರು. ಈಗ ನಿಯಮ. ಊರಿನ ಆಸ್ಪತ್ರೆಗಳಲ್ಲಿ ಫೋನಿದ್ದದ್ದು ದನದ ಆಸ್ಪತ್ರೆಗೆ ಮಾತ್ರ.

"ಡಾಕ್ಟ್ರೇ, ನಿನ್ನಿಯಿಂದ ಏನೂ ತಿಂದಿಲ್ರಿ. ಹೊಟ್ಟಿ ಉಬ್ಬೇತಿ."

"ಮೆಲುಕು ಹಾಕ್ತೈತೇನಮ್ಮ?"

"ಬರೀ ಎಲಿ ಅಡಿಕಿ ಹಾಕ್ತಾರ್ರಿ."

"ಹಾಕ್ತಾರ? ಯಾರಮ್ಮ ಅದು?"

"ನಮ್ಮ ಯಜಮಾನ್ರು!"

ಡಾಕ್ಟರು, "ಹಾಯಾಕ ಬರಂಗಿದ್ರ ಕಟ್ಟಿ ಹಾಕಮ್ಮ, ಬಳ್ಳಾರಿಗೆ ಹಚ್ಚಿ ಕೇಳ್ತೀನಿ" ಎಂದರಂತೆ.

ರಾಯರಿಗೆ ಕೊಡ್ರಿ

ಇತ್ತ ನಮ್ಮ ಮನೆಯಲ್ಲಿ ಅಮ್ಮ ಫೋನಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ತಂಗಿ ಎದುರಿಗೇ ಕೂತು ಪುಸ್ತಕ ಓದುತ್ತಿದ್ದಳು, ಪುಸ್ತಕ ತಲೆಕೆಳಗಾಗಿತ್ತು. ಆ ವಾರವೆಲ್ಲ ಬಂದದ್ದು ಒಂದೇ ಕರೆ, ಕೌಲ್ ಬಜಾರಿನ ಮೆಕ್ಯಾನಿಕ್‌ನದು, ಅದೂ ತಪ್ಪಿ ಬಂದದ್ದು: "ಗೌಡ್ರ ಅದಾರೇನ್ರಿ?"

"ಅವರಿಗೆ ನಾ ಒಪ್ಪಿಗಿ ಆಗಿಲ್ಲ ಬಿಡು ಅಣ್ಣ" ಎಂದು ತಂಗಿ ಎದ್ದು ಒಳಗೆ ಹೋದಳು. ಅಮ್ಮ ನನ್ನ ಕಡೆ ನೋಡಿದ ನೋಟಕ್ಕೆ ನಿಯಮ ಗಿಯಮ ಎಲ್ಲ ಮರೆತು ಹೋಯಿತು.

ಗುರುವಾರ ಮಧ್ಯಾಹ್ನ ಮನೆ ಮುಂದೆ ಒಂದು ಬಸ್ಸು ನಿಂತಿತು. ವಕೀಲರು, ವರ, ಅತ್ತೆ, ಸೋದರತ್ತೆ, ಒಟ್ಟು ನಲವತ್ತು ಜನ ಇಳಿದರು.

"ಎಲಿ ಹಾಕ್ಸೀರೇನ್ರಿ ರಾಯರ?" ಎಂದು ವಕೀಲರು ನನ್ನನ್ನು ಕೇಳಿದರು.

ಮನೆಯಲ್ಲಿದ್ದದ್ದು ಮೂವರಿಗಾಗುವಷ್ಟು ಅನ್ನ ಸಾರು. ನಾನು ಅಡುಗೆಮನೆ ಕಡೆ ತಿರುಗಿ ಅಮ್ಮನ ಮುಖ ನೋಡಿದೆ.

"ಯಾಕ್ರಿ? ಹುಡುಗಿ ಎಲ್ಲಾರಿಗೂ ಒಪ್ಪಿಗಿ ಅಂತ ಸೋಮವಾರನ ಫೋನ್ ಮಾಡೇನಲ್ಲ! ‘ಭಾಳ ಸಂತೋಷ, ಗುರುವಾರ ಬರ್ರಿ, ಊಟಕ್ಕ ಎಷ್ಟು ಮಂದಿ’ ಅಂತ ಕೇಳಿದ್ರಿ. ನಲವತ್ತು ಅಂದೆ."

"ಎಕ್ಸ್‌ಚೇಂಜಿನವನಿಗೆ ಏನಂತ ಹೇಳಿದ್ರಿ?"

"ರಾಯರಿಗೆ ಕೊಡಪಾ ಅಂದೆ."

ಊರು ಹೇಳಿಲ್ಲ. ಇದ್ದೂರೇ ಊರು. ಸಿರುಗುಪ್ಪದಲ್ಲಿ ರಾಯರು ಎಂದರೆ ರಾಯರ ಮಠ! ಫೋನೆತ್ತಿದ ಅರ್ಚಕರು, ಯಾರೋ ಭಕ್ತರು ರಾಯರಿಗೆ ಶುಭವಾರ್ತೆ ಮುಟ್ಟಿಸುತ್ತಿದ್ದಾರೆ ಎಂದುಕೊಂಡು ಪ್ರಸಾದಕ್ಕೆ ಕರೆದಿದ್ದಾರೆ.

ಒಳಗಿನಿಂದ ತಂಗಿಯ ದನಿ: "ಅಣ್ಣ, ಮಠದಾಗ ಎಲಿ ಆರಿ ಹೋಗ್ತಾವ. ಬಸ್ಸು ತಿರುಗಿಸು."

ಅದೇ ಬಸ್ಸಿನಲ್ಲಿ ಹೆಣ್ಣಿನ ಕಡೆಯವರೂ ನಿಂತುಕೊಂಡು ಹೋದೆವು. ತಾಂಬೂಲ ಬದಲಾಯಿಸಿದ್ದು ಮಠದಲ್ಲಿ, ಊಟವೂ ಅಲ್ಲೇ.

ಪೂರ್ಣ ವಿಳಾಸ

ಮದುವೆಗೆ ಆಪರೇಟರ್ ಅಕ್ಕನೂ ಬಂದಿದ್ದಳು. ಪುರೋಹಿತರು ಸಂಕಲ್ಪ ಶುರು ಮಾಡಿದರು: "ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ..."

ನನಗೆ ಎದೆ ತುಂಬಿ ಬಂತು. ಅಕ್ಕನ ಕಡೆ ತಿರುಗಿ ಅಂದೆ: "ಕೇಳಿದೆಯಾ? ವಿಳಾಸ ಅಂದರೆ ಹೀಗಿರಬೇಕು. ದೇವರಿಗೂ ಊಹೆ ಮಾಡಲು ಬಿಟ್ಟಿಲ್ಲ."

"ಖರೇ ಐತ್ರಿ ಸಾಹೇಬ್ರ" ಎಂದು ಅಕ್ಷತೆ ಹಿಡಿದೇ ಅಂದಳು ಅಕ್ಕ. "ಆದ್ರ ಇವ್ರು ಟ್ರಂಕ್ ಕಾಲ್ ಹಚ್ಚಿದ್ರ, ಗೋದಾವರಿ ದಾಟೋದ್ರಾಗ ಒಂದು ಕಾಲಿಗೆ ಕೊಡೋ ಮೂರು ನಿಮಿಷ ಮುಗೀತಾವ. ಹುಡುಗಿ ಹೆಸರು ಬರೋದ್ರಾಗ ನಾ ಲೈನ್ ಕಟ್ ಮಾಡಿರ್ತೀನಿ."