ಐದೇ ಇಂಚು

ಬೆಳಿಗ್ಗೆ ಐದೂವರೆಗೆ ಓರಿನ್ ಹಿಮ ಅಳೆಯುವ ಹಲಗೆಯ ಮೇಲೆ ಅಳತೆಕೋಲು ಊರಿದಾಗ ಅದು ಹನ್ನೊಂದು ಇಂಚು ತೋರಿಸಿತು. ಬೇರೆ ದಿನವಾಗಿದ್ದರೆ ಅಲ್ಲೇ ಮಂಡಿಯೂರಿ ಕೈಮುಗಿದುಬಿಡುತ್ತಿದ್ದ. ಇವತ್ತು ಹಣೆ ಚಚ್ಚಿಕೊಂಡ.

ನಮ್ಮ ಬೆಟ್ಟದೂರು ಟಾಲ್ಮನ್‌ನಲ್ಲಿ ಎಲ್ಲರೂ ತಪ್ಪದೆ ಪಾಲಿಸುವ ಕಾನೂನು ಒಂದೇ. ರಾತ್ರಿ ಆರಿಂಚು ಹಿಮ ಬಿದ್ದರೆ ಮರುದಿನ ಊರು ಬಂದ್. ಅಂಗಡಿಗಳ ಬಾಗಿಲಿಗೆ ‘ಆರಿಂಚು ಬಿದ್ದಿದೆ’ ಎಂಬ ಫಲಕ ನೇತುಬೀಳುತ್ತದೆ. ಒಳಗಿದ್ದವರು ಹಿಮದ ಮೇಲೆ ಜಾರುವ ಸ್ಕೀ ಹೆಗಲಿಗೇರಿಸಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ. ಬಿದ್ದದ್ದು ಐದೂಮುಕ್ಕಾಲಾದರೆ ಹೋಗುವಂತಿಲ್ಲ. ಮುಂದೂಡುತ್ತ ಬಂದ ಹಲ್ಲು, ತಲೆಗೂದಲು, ಕಾಗದಪತ್ರದ ಕೆಲಸಗಳನ್ನೆಲ್ಲ ಜನ ಅಂಥ ದರಿದ್ರ ದಿನಗಳಲ್ಲಿ ಮುಗಿಸಿಕೊಳ್ಳುತ್ತಾರೆ.

ಎಷ್ಟು ಬಿತ್ತು ಎಂದು ಹೇಳುವವನು ಓರಿನ್. ಅಳೆಯುವುದು, ಹಲಗೆ ಗುಡಿಸುವುದು, ಎಷ್ಟು ಬಿತ್ತೆಂದು ಊರಿನ ಹಿಮದ ಫೋನಿನಲ್ಲಿ ದನಿ ಮುದ್ರಿಸಿಡುವುದು ಅವನ ಕೆಲಸ. ಆರು ಗಂಟೆಗೆ ಊರೆಲ್ಲ ಆ ನಂಬರು ಒತ್ತಿ ಅವನ ದನಿ ಕೇಳುತ್ತದೆ. ಇಪ್ಪತ್ತೆರಡು ಚಳಿಗಾಲಗಳಲ್ಲಿ ಅವನು ಕಾಲಿಂಚು ಹೆಚ್ಚುಕಡಿಮೆ ಹೇಳಿದವನಲ್ಲ. ಒಮ್ಮೆ ತನ್ನ ಹುಟ್ಟುಹಬ್ಬದ ದಿನವೇ ಐದೂಮುಕ್ಕಾಲು ಬಿದ್ದಾಗ ಐದೂಮುಕ್ಕಾಲು ಎಂದೇ ಹೇಳಿದ. ಊರು ಶಾಪ ಹಾಕುತ್ತ ಅಂಗಡಿ ತೆರೆಯಿತು. ಅವನಿಗೆ ಆಸ್ತಿಯಿಲ್ಲ, ಮನೆಯಿಲ್ಲ, ಸರಿಯಾದ ಒಂದು ಜೊತೆ ಕೈಗವಸೂ ಇಲ್ಲ. ಮಾತೊಂದಿತ್ತು.

ಮನೆಯ ವಿಷಯಕ್ಕೇ ಬರುತ್ತೇನೆ, ತಾಪತ್ರಯವೆಲ್ಲ ಅದರಿಂದಲೇ. ಓರಿನ್, ಹೆಂಡತಿ ಲೊರ್ನಾ, ಹದಿನಾಲ್ಕರ ಮಗಳು ಟೆಸ್ ವಾಸವಿದ್ದದ್ದು ಒಂದು ಹಳೆಯ ಶಾಲಾ ಬಸ್ಸಿನಲ್ಲಿ. ಟಾಲ್ಮನ್‌ನಲ್ಲಿ ಹಿಮ ಕರಗಿದ ಮೇಲೆ, ಇನ್ನೆಲ್ಲಿ ಬೀಳುತ್ತದೋ ಅಲ್ಲಿಗೆ ಆ ಬಸ್ಸು ಹೋಗಿದೆ. ಅಲಾಸ್ಕಾ ನೋಡಿದೆ, ಕೆನಡಾ ನೋಡಿದೆ. ಟೆಸ್ ಮೊದಲ ಹೆಜ್ಜೆ ಇಟ್ಟದ್ದು ಯೂಟಾದ ಒಂದು ಪೆಟ್ರೋಲ್ ಬಂಕಿನಲ್ಲಿ. ಈಗ ಅವಳಿಗೆ ಬೇಕಾದದ್ದು ಒಂದು ಸ್ನಾನದ ತೊಟ್ಟಿ ಮತ್ತು ಸಿಟ್ಟು ಬಂದಾಗ ಬಡಿದು ಮುಚ್ಚಲು ಒಂದು ಬಾಗಿಲು. ಬಸ್ಸಿನ ಬಾಗಿಲನ್ನು ಬಡಿಯಲಾಗುವುದಿಲ್ಲ. ಸನ್ನೆಕೋಲು ಎಳೆದರೆ ಅದು ಉಸ್ಸೆಂದು ಮಡಚಿಕೊಂಡು ನಿಧಾನವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ಸಿಟ್ಟೇ ಇಳಿದುಹೋಗಿರುತ್ತದೆ.

ಊರಿನ ಕೆಲಸಗಾರರಿಗೆಂದು ಪುರಸಭೆ ಕಟ್ಟಿಸಿದ ಮನೆಗಳಲ್ಲೊಂದು ಖಾಲಿಯಾಗಿ, ಚೀಟಿ ಎತ್ತಿದಾಗ ಓರಿನ್‌ನ ಹೆಸರು ಎರಡನೆಯದಾಗಿ ಬಂತು. ಮೊದಲನೆಯವರು ಯಾರೆಂದು ಪುರಸಭೆ ಹೇಳುವುದಿಲ್ಲ. ತಿಂಗಳಾದರೂ ಅವರು ಬಂದು ಸಹಿ ಹಾಕಿರಲಿಲ್ಲ. ಅವರಿಗೆ ಗಡುವು ಈ ಗುರುವಾರ, ಅಂದರೆ ಇವತ್ತೇ, ಮಧ್ಯಾಹ್ನ ಹನ್ನೆರಡು. ಅಷ್ಟರೊಳಗೆ ಬಾರದಿದ್ದರೆ ಕಚೇರಿಯಲ್ಲಿ ಹಾಜರಿರುವ ಎರಡನೆಯವರಿಗೆ ಮನೆ. ಆ ಹೊತ್ತಿಗೆ ಯಾರ ಸಹಿಯೂ ಬೀಳದಿದ್ದರೆ ಮತ್ತೆ ಹೊಸದಾಗಿ ಚೀಟಿ.

“ಊರು ಬಿಟ್ಟು ಹೋಗಿರ್ಬೇಕು ಪುಣ್ಯಾತ್ಮ” ಎಂದು ಓರಿನ್ ಖುಷಿಪಟ್ಟಿದ್ದ.

“ಇರ್ಬಹುದು” ಎಂದಿದ್ದಳು ಲೊರ್ನಾ. ಅವಳು ಊರಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ, ಮಾತು ಕಡಿಮೆ. “ಆದ್ರೆ ಒಂದು ಹೇಳ್ತೀನಿ ಕೇಳು. ಈ ಮನೇನೂ ಕೈತಪ್ಪಿದ್ರೆ ನಾನೂ ಟೆಸ್ಸೂ ನೆಬ್ರಾಸ್ಕಾಕ್ಕೆ, ನಮ್ಮಕ್ಕನ ಮನೆಗೆ.”

ನೆಬ್ರಾಸ್ಕಾ ಎಂದರೆ ರೊಟ್ಟಿ ತಟ್ಟಿದಂಥ ನೆಲ. ಅಲ್ಲಿ ಸ್ಕೀ ಹಾಕಿಕೊಂಡು ನಿಂತವನು ನಿಂತಲ್ಲೇ ಮುದುಕನಾಗುತ್ತಾನೆ.

ಆದ್ದರಿಂದ ಹನ್ನೊಂದು ಇಂಚಿನ ಮುಂದೆ ನಿಂತ ಓರಿನ್ ಹೀಗೆ ಲೆಕ್ಕ ಹಾಕಿದ. ಆರಿಂಚು ದಾಟಿದರೆ ಪುರಸಭೆಯೂ ಬಂದ್. ಪುರಸಭೆ ಬಂದಾದರೆ ಸಹಿ ಇಲ್ಲ, ಮನೆ ಇಲ್ಲ, ನೆಬ್ರಾಸ್ಕಾ. ಆಚೀಚೆ ನೋಡಿದ. ಹಲಗೆಯ ಮೇಲಿನ ಕ್ಯಾಮೆರಾದ ಕಣ್ಣಿಗೆ ಹಿಮ ಮೆತ್ತಿತ್ತು. ಅದನ್ನು ಒರೆಸುವುದೂ ಅವನದೇ ಕೆಲಸ. ಒರೆಸುವ ಮೊದಲು ಕೈಗವಸಿನಿಂದ ಆರಿಂಚು ಹಿಮ ಸವರಿ ಕೆಳಗೆ ತಳ್ಳಿ, ಉಳಿದದ್ದನ್ನು ನಯವಾಗಿ ತಟ್ಟಿದ. ಆಮೇಲೆ ಫೋನಿಗೆ ಹೇಳಿದ: “ಶುಭೋದಯ ಟಾಲ್ಮನ್. ಹೊಸ ಹಿಮ, ಐದು ಇಂಚು.” ದನಿ ಸ್ವಲ್ಪ ನಡುಗಿತು. ಚಳಿ ಎಂದುಕೊಂಡರು ಜನ.

ಬಸ್ಸಿಗೆ ಮರಳಿದಾಗ ಲೊರ್ನಾ ಕಾಫಿ ಕಾಸುತ್ತ ಸಣ್ಣಗೆ ಹಾಡು ಗುನುಗುತ್ತಿದ್ದಳು. ವರ್ಷಗಳಿಂದ ಅವಳು ಹಾಡಿದ್ದನ್ನು ಓರಿನ್ ಕೇಳಿರಲಿಲ್ಲ.

“ಎಷ್ಟು ಬಿತ್ತು?”

“ಐದು.”

ಹಾಡು ನಿಂತಿತು. “ಐದೇನಾ? ಸರಿಯಾಗಿ ನೋಡಿದ್ಯಾ? ಕಿಟಕಿ ಅರ್ಧ ಮುಚ್ಚೋಗಿದೆಯಲ್ಲೋ.”

“ಗಾಳಿಗೆ ಗುಡ್ಡೆ ಬಿದ್ದಿದೆ. ಐದೇ.”

ಲೊರ್ನಾಳ ಮುಖ ಬಾಡಿತು. ಪಾಪ, ಸ್ಕೀ ಮಾಡುವ ಆಸೆಯಿತ್ತೇನೋ ಎಂದು ಓರಿನ್ ಮರುಗಿದ. ಗಂಡನ ಮಾತಿನ ಮೇಲೆ ಅವಳಿಗೆ ಅನುಮಾನ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಟ್ರಕ್ಕಿನ ಹಿಂಬದಿಯಿಂದ ಕ್ಲೆಮ್ ಇಳಿದ. ಅರವತ್ತು ದಾಟಿದ ಕ್ಲೆಮ್ ಹತ್ತು ವರ್ಷದಿಂದ ಆ ಟ್ರಕ್ಕಿನಲ್ಲೇ ಮಲಗುತ್ತಾನೆ. ಮಂಡಿ ಸವೆದಿರುವುದರಿಂದ ಆರಿಂಚಿಗಿಂತ ಕಡಿಮೆ ಬಿದ್ದ ದಿನ ಬೆಟ್ಟಕ್ಕೆ ಹೋಗುವುದಿಲ್ಲ. ಹೆಚ್ಚು ಬಿದ್ದರೆ ಮಾತ್ರ ಅವನನ್ನು ಯಮನೂ ತಡೆಯಲಾರ. ಎಂಟಿಂಚು ಬಿದ್ದಿತೆಂದು ಸ್ವಂತ ಮದುವೆಗೇ ಮಧ್ಯಾಹ್ನ ಬಂದವನು. ಹೆಣ್ಣು ಅಷ್ಟು ಹೊತ್ತು ಕಾಯಲಿಲ್ಲ.

“ಐದಂತೆ!” ಎಂದ ಕ್ಲೆಮ್, ಮೊಣಕಾಲವರೆಗೆ ಹಿಮದಲ್ಲಿ ನಿಂತುಕೊಂಡು. “ನಂಗೆ ಹತ್ತಾದ್ರೂ ಕಾಣ್ತಿದೆ. ವಯಸ್ಸಾಯ್ತು, ಕಣ್ಣು ಹೋಯ್ತು. ನೀನು ಹೇಳಿದ್ಮೇಲೆ ಮುಗೀತು ಬಿಡು. ಪೇಟೇಲಿ ಒಂದೆರಡು ಕೆಲ್ಸ ಬಾಕಿ ಇದೆ, ಮುಗಿಸ್ಕೊಂಡ್ಬರ್ತೀನಿ.”

ಊರಿನ ದರಿದ್ರ ದಿನ ಶುರುವಾಯಿತು. ಓರಿನ್ ಮುಖ್ಯರಸ್ತೆಗೆ ಬಂದಾಗ ಹತ್ಯಾರದಂಗಡಿಯ ಬರ್ನಿಸ್ ಮುದುಕಿ ಮೆಟ್ಟಿಲ ಮೇಲೆ ಟೇಪು ಹಿಡಿದು ಕೂತಿದ್ದಳು.

“ಓರಿನ್, ಬಾ ಇಲ್ಲಿ. ನನ್ನ ಟೇಪು ಹನ್ನೊಂದು ಅನ್ತಿದೆ.”

“ಛಾವಣಿಯಿಂದ ಜಾರಿದ್ದು ಸೇರಿರುತ್ತೆ, ಬರ್ನಿಸಮ್ಮ.”

“ಹಂಗಂತೀಯಾ.” ಅವಳು ಟೇಪನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದೇ ಟೇಪನ್ನ ನಲವತ್ತು ವರ್ಷ ಮಾರಿದ್ದೀನಲ್ಲೋ. ಎಷ್ಟು ಜನರ ಕಪಾಟು ಸೊಟ್ಟ ಆಗಿದ್ಯೋ ಏನೋ!” ಎಂದು ನಿಜವಾಗಿಯೂ ನೊಂದುಕೊಂಡು ಒಳಗೆ ಹೋಗಿ, ಟೇಪುಗಳ ಡಬ್ಬವನ್ನೇ ಕಸಕ್ಕೆ ಹಾಕಿದಳು.

ಅಂಚೆಯವನ ನಾಯಿ ರಸ್ತೆ ದಾಟುವಾಗ ಬಾಲ ಮಾತ್ರ ಕಾಣುತ್ತಿತ್ತು. “ನಾಯಿ ಕುಳ್ಳಾಗಿದೆ” ಎಂದ ಅಂಚೆಯವನು. ನಮ್ಮ ಜನ ಕಣ್ಣಾರೆ ಕಂಡದ್ದನ್ನು ಬಿಟ್ಟರು, ಓರಿನ್‌ನ ಮಾತನ್ನು ಬಿಡಲಿಲ್ಲ. ಇದು ಅವನಿಗೆ ಚುಚ್ಚಿತು. ಯಾರಾದರೂ ಒಬ್ಬರು ‘ಸುಳ್ಳ’ ಎಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಬೆಟ್ಟದ ಮೇಲಿಂದ ಕೂಗು ಕೇಳಿಬರತೊಡಗಿತು. ಟೆಕ್ಸಾಸ್‌ನಿಂದ ಬಂದ ಒಂದು ಕುಟುಂಬಕ್ಕೆ ಆರಿಂಚಿನ ಕಾನೂನು ಗೊತ್ತಿರಲಿಲ್ಲ, ಹಿಮದ ಫೋನೂ ಗೊತ್ತಿರಲಿಲ್ಲ. ಅವರು ಸುಮ್ಮನೆ ಬೆಟ್ಟದ ತುದಿಗೆ ಒಯ್ಯುವ ತೂಗುಕುರ್ಚಿಯ ಲಿಫ್ಟ್ ಹತ್ತಿದ್ದರು. ಇಡೀ ಬೆಟ್ಟ, ಹನ್ನೊಂದು ಇಂಚು, ಐದು ಜನ. ಸ್ಕೀ ಸರಿಯಾಗಿ ಬಾರದ ಆ ಪುಣ್ಯವಂತರು ಬಿದ್ದೆದ್ದು ಕೇಕೆ ಹಾಕುತ್ತಿದ್ದರು. ಒಂದೊಂದು ಕೇಕೆಗೂ ಓರಿನ್ ಟೋಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದ.

“ಆಹಾ, ಸಿಕ್ಕಿದ್ಯಲ್ಲ!” ಹಲ್ಲಿನ ಡಾಕ್ಟರ್ ಪೆಲ್ ಅವನ ತೋಳು ಹಿಡಿದರು. “ಮೂರು ವರ್ಷದಿಂದ ಆ ದವಡೆ ಹಲ್ಲು ಮುಂದಕ್ಕೆ ಹಾಕ್ತಿದ್ದೀಯ. ಇವತ್ತು ನೀನೂ ಬೆಟ್ಟಕ್ಕೆ ಹೋಗಲ್ಲ, ನಾನೂ ಹೋಗಲ್ಲ. ನಡಿ.”

“ಇವತ್ತು ಬೇಡ ಡಾಕ್ಟ್ರೇ, ಹನ್ನೆರಡಕ್ಕೆ ಪುರಸಭೇಲಿ...”

“ಹನ್ನೆರಡಕ್ಕೆ ತಾನೇ? ಹತ್ತೂವರೆಗೆ ಹಲ್ಲು ನಿನ್ನ ಕೈಲಿರುತ್ತೆ. ಯಾಕೆ, ಐದೇ ಇಂಚು ಅಂದೋನು ನೀನೇ ಅಲ್ವೇನಯ್ಯ?”

ಓರಿನ್ ಡಾಕ್ಟರ ಹಿಂದೆ ನಡೆದ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ. ಡಾಕ್ಟರು ಕಿಟಕಿಯಾಚೆಯ ಬೆಟ್ಟವನ್ನೇ ನೋಡುತ್ತ, ನಿಟ್ಟುಸಿರು ಬಿಡುತ್ತ, ಇಕ್ಕಳ ಆಡಿಸಿದರು. ಹಲ್ಲು ಸುಲಭಕ್ಕೆ ಬರಲಿಲ್ಲ. ಬಂದಾಗ ಹನ್ನೊಂದೂವರೆ. ಓರಿನ್‌ನ ಅರ್ಧ ಮುಖ ಮರಗಟ್ಟಿತ್ತು, ಕೆನ್ನೆ ಬನ್ನಿನಂತೆ ಊದಿತ್ತು, ಬಾಯಿತುಂಬ ಹತ್ತಿ. ಆದರೂ ಮನಸ್ಸಿನಲ್ಲಿ ಹಿಗ್ಗು. ಒಂದು ಹಲ್ಲು ಹೋದರೇನು, ಒಂದು ಸುಳ್ಳು ಹೇಳಿದರೇನು, ಇನ್ನರ್ಧ ಗಂಟೆಯಲ್ಲಿ ಮಗಳಿಗೆ ಒಂದು ಬಾಗಿಲು.

ಪುರಸಭೆ ತೆರೆದಿತ್ತು. ಲೊರ್ನಾ, ಶಾಲೆಯಿಂದ ಅರ್ಧ ದಿನದ ರಜೆ ಕೇಳಿ ಬಂದ ಟೆಸ್, ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಲೊರ್ನಾ ಬಾಗಿಲನ್ನೇ ನೋಡುತ್ತಿದ್ದಳು.

“ಅಪ್ಪ, ತೊಟ್ಟಿ ಬಿಳೀದಂತೆ!” ಎಂದಳು ಟೆಸ್. “ಆ ಗುಮಾಸ್ತೆ ಮೇಡಮ್ಮು ಹೇಳಿದ್ರು.”

ಓರಿನ್ ಅರ್ಧ ಮುಖದಿಂದ ನಕ್ಕ. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸಿತು. ಹನ್ನೊಂದೂ ಐವತ್ತಾಯಿತು. ಗುಮಾಸ್ತೆ ಅವರ ಅರ್ಜಿಯನ್ನು ಮೇಲೆ ತೆಗೆದಿಟ್ಟು ಲೇಖನಿಯ ಮುಚ್ಚಳ ತೆಗೆದಳು. ಹನ್ನೊಂದೂ ಐವತ್ತಾರಕ್ಕೆ ಬಾಗಿಲು ತೆರೆಯಿತು.

ಒಳಬಂದವನು ಕ್ಲೆಮ್. ತಲೆ ಬಾಚಿದ್ದ. ಬೂಟಿನ ಹಿಮ ಕೊಡವಿ, ಒಗೆದು ಮುದ್ದೆಯಾದ ಒಂದು ಕಾಗದವನ್ನು ಜೇಬಿನಿಂದ ತೆಗೆದ.

“ಮೇಡಮ್, ಒಂದನೇ ನಂಬರು ನಂದೇ. ಇವತ್ತೇ ಕೊನೆ ಅಂತೆ, ಕ್ಷೌರದಂಗಡೀಲಿ ಕಾಗದ ಬಿಚ್ಚಿ ನೋಡಿದಾಗ್ಲೇ ಗೊತ್ತಾಗಿದ್ದು. ಎಲ್ಲಿ ಸಹಿ ಹಾಕ್ಲಿ?”

ಹಾಕಿದ. ಮೂರು ಕಡೆ. ಬೀಗದ ಕೈ ಕೈಗೆ ಬಂದ ಮೇಲೆ ತಿರುಗಿ ನೋಡಿ ಮುಖವರಳಿಸಿದ. “ಅರೆ ಓರಿನ್! ನಿನ್ನ ದೆಸೆಯಿಂದ ಮನೆ ಸಿಕ್ತು ಕಣಯ್ಯಾ! ನೀನು ಆರು ಅಂದಿದ್ರೆ ನಾನೀಗ ಬೆಟ್ಟದ ತುದೀಲಿರ್ತಿದ್ದೆ. ನೀವೇನು ಇಲ್ಲಿ?”

ಗುಮಾಸ್ತೆ ಲೇಖನಿಯ ಮುಚ್ಚಳ ಹಾಕಿದಳು. ಟೆಸ್ ಎದ್ದು ಹೊರಗೆ ಹೋದಳು.

ಪುರಸಭೆಯ ಮೆಟ್ಟಿಲ ಮೇಲಿನ ಹಿಮ ಸರಿಸಿ ಲೊರ್ನಾ ಕೂತಳು. ಆಮೇಲೆ ಹೇಳಿದಳು: “ನಂಗೆ ಗೊತ್ತಿತ್ತು, ಕ್ಲೆಮ್ಮೇ ಅಂತ. ಅವನ ಪ್ಯಾಂಟು ಒಗೆಯುವಾಗ ಜೇಬಲ್ಲಿ ಆ ಕಾಗದ ಸಿಕ್ಕಿತ್ತು. ಮರೆತಿದ್ದಾನೆ, ಮರೆತೇ ಇರ್ಲಿ ಅಂತ ವಾಪಸ್ ಇಟ್ಟೆ. ನಿನ್ನ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅಂತ ನಿಂಗೂ ಹೇಳ್ಲಿಲ್ಲ. ರಾತ್ರಿ ಹಿಮ ಬೀಳೋ ಸದ್ದು ಕೇಳ್ತಾ ಮಲಗಿದ್ದೆ ಓರಿನ್. ಆರಿಂಚು ಬಿದ್ರೆ ಸಾಕಿತ್ತು.”

ಓರಿನ್ ಹತ್ತಿಯ ಸಂದಿನಿಂದ ತೊದಲಿದ. “ಆರು ಬಿದ್ದಿದ್ರೆ... ಕಚೇರಿ ಬಂದ್...”

“ಯಾವ ಬಂದ್? ಪುರಸಭೆಗೆ ಆರಿಂಚಿನ ರಜಾ ನವೆಂಬರಲ್ಲೇ ತೆಗೆದ್ರಲ್ಲ. ಸಭೇಲಿ ನಾನೂ ಕೈ ಎತ್ತಿದ್ದೆ. ನೀನಾಗ ಹಿಮ ಹುಡುಕ್ಕೊಂಡು ಒಬ್ನೇ ಕೆನಡಾಕ್ಕೆ ಹೋಗಿದ್ದೆ, ಬಂದ ದಿನಾನೇ ನಿಂಗೆ ಹೇಳ್ದೆ. ನೀನು ಸ್ಕೀಗೆ ಮೇಣ ಉಜ್ಜುತ್ತಾ ‘ಹ್ಞೂಂ’ ಅಂದೆ.”

ಓರಿನ್ ನೆನಪು ಮಾಡಿಕೊಂಡ. ಮೇಣ ನೆನಪಾಯಿತು.

ಲೊರ್ನಾ ಮೆಟ್ಟಿಲ ಪಕ್ಕದ ಹಿಮವನ್ನು ನೋಡಿದಳು. ಮೆಟ್ಟಿಲ ಕೈಕಂಬಿ ಅರ್ಧ ಹೂತಿತ್ತು. ಆಮೇಲೆ ಗಂಡನ ಮುಖ ನೋಡಿದಳು. “ನಿಜ ಹೇಳು. ಎಷ್ಟು ಬಿದ್ದಿತ್ತು?”

ಓರಿನ್ ಮೊದಲು ಹತ್ತು ಬೆರಳು ತೋರಿಸಿದ. ಆಮೇಲೆ ಇನ್ನೊಂದು.

“ಹನ್ನೊಂದಾ?” ಎಂದು ಕೂಗಿದವನು ಹಿಂದಿನಿಂದ ಬಂದ ಕ್ಲೆಮ್. ಅವನ ಕೈಯಿಂದ ಬೀಗದ ಕೈ ಜಾರಿ ಬಿತ್ತು. ಅಲ್ಲೇ ಕುಸಿದು ಕೂತ. “ಅಯ್ಯೋ ಪಾಪಿ! ಒಂದು ಮನೆಗೋಸ್ಕರ ಹನ್ನೊಂದಿಂಚು ಕಳ್ಕೊಂಡೆನಲ್ಲೋ!” ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಬೀಗದ ಕೈಯನ್ನು ಮಾತ್ರ ಹುಡುಕಿ ಜೇಬಿಗೆ ಹಾಕಿಕೊಂಡ.

ಆ ಕೂಗು ಮುಖ್ಯರಸ್ತೆಯ ತುದಿಗೆ ಮುಟ್ಟಲು ನಿಮಿಷ ಹಿಡಿಯಲಿಲ್ಲ. ಬರ್ನಿಸ್ ಕಸದಿಂದ ಟೇಪಿನ ಡಬ್ಬ ಎತ್ತಿಕೊಂಡಳು. ಡಾಕ್ಟರ್ ಪೆಲ್ ಯಾರದೋ ಬಾಯಿ ತೆರೆದಿಟ್ಟೇ ಓಡಿದರು. ಊರೆಲ್ಲ ಬೆಟ್ಟಕ್ಕೆ ನುಗ್ಗಿತು. ಅಷ್ಟರಲ್ಲಿ ಟೆಕ್ಸಾಸ್ ಕುಟುಂಬ ಬೆಟ್ಟವನ್ನು ಉತ್ತು ಗದ್ದೆ ಮಾಡಿತ್ತು. ಆದರೂ ಲೊರ್ನಾ, ಟೆಸ್ ಸ್ಕೀ ತೆಗೆದರು. ಓರಿನ್ ತನ್ನದಕ್ಕೆ ಕೈ ಹಾಕಿದಾಗ ಲೊರ್ನಾ ಹೇಳಿದಳು: “ನೀನೆಲ್ಲಿಗೆ? ಐದಿಂಚಿಗೆಲ್ಲ ಯಾರಾದ್ರೂ ಹೋಗ್ತಾರಾ? ಕ್ಲೆಮ್ಮಿಗೆ ಹಾಸಿಗೆ ಹೊರೋಕೆ ಜನ ಬೇಕಂತೆ, ಹೋಗು.”

ಹಾಸಿಗೆ ಹೊತ್ತ. ತೊಟ್ಟಿ ಬಿಳಿಯದೇ ಇತ್ತು.

ಸಂಜೆ ಕೆಂಪು ಕೆನ್ನೆಯ ತಾಯಿ ಮಗಳು ಬಂದರು. “ನೆಬ್ರಾಸ್ಕಾಕ್ಕೆ ಹೋಗೋದು ಹೋಗೋದೇ” ಎಂದಳು ಲೊರ್ನಾ. “ಆದ್ರೆ ಏಪ್ರಿಲ್‌ನಲ್ಲಿ. ಹಿಮ ಕರಗಲಿ.” ಟೆಸ್ ಅಪ್ಪನ ಜೊತೆ ಮಾತಾಡದೆ ಬಾಗಿಲ ಸನ್ನೆಕೋಲನ್ನು ಬಲವಾಗಿ ಎಳೆದಳು. ಬಾಗಿಲು ಉಸ್ಸೆಂದು ನಿಧಾನವಾಗಿ ಮುಚ್ಚಿಕೊಂಡಿತು.

ಮರುದಿನ ಬೆಳಿಗ್ಗೆ ಬಿದ್ದದ್ದು ಎರಡೇ ಇಂಚು. ಓರಿನ್ ಮೂರು ಸಲ ಅಳೆದ. “ಎರಡು ಇಂಚು, ದೇವರಾಣೆಗೂ ಎರಡು” ಎಂದು ಫೋನಿಗೆ ಹೇಳಿದ. ಅಷ್ಟರಲ್ಲಿ ಹಲ್ಲು ಕಿತ್ತ ಗುಳಿ ಸಿಡಿಯಲು ಶುರುವಾಗಿತ್ತು. ಒಂಬತ್ತಕ್ಕೆ ದವಡೆ ಹಿಡಿದುಕೊಂಡು ಡಾಕ್ಟರ್ ಪೆಲ್‌ರ ಬಾಗಿಲಿಗೆ ಓಡಿದ. ಮುಖ್ಯರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲ ಬಾಗಿಲಿಗೂ ಬೀಗ, ಎಲ್ಲ ಬೀಗದ ಮೇಲೂ ‘ಆರಿಂಚು ಬಿದ್ದಿದೆ’ ಫಲಕ. ಡಾಕ್ಟರ ಫಲಕದ ಕೆಳಗೆ ಕೈಬರಹದ ಚೀಟಿಯೊಂದು ಅಂಟಿಸಿತ್ತು:

‘ಓರಿನ್ ಎರಡು ಅಂದಿದ್ದಾನೆ. ಅಂದರೆ ಎಂಟು. ನಾಳೆ ಬನ್ನಿ.’