ಮೋಟಾರು ದೋಣಿಗೊಂದು ಹಗ್ಗ

ಆರಿಸುವ ಕೆಲಸವನ್ನು ನನಗೆ ಯಾರೂ ಒಪ್ಪಿಸಬಾರದು. ಚಪ್ಪಲಿ ಕೊಳ್ಳಲು ಶಹಾಬಾದಕ್ಕೆ ಹೋದವನು ಇಡೀ ಬಜಾರು ಸುತ್ತಿ, ಸಂಜೆ ಹಳೆಯ ಚಪ್ಪಲಿಯಲ್ಲೇ ಮನೆಗೆ ಮರಳಿದ್ದುಂಟು. ಹೆಂಡತಿ ಸುಭದ್ರೆಯನ್ನು ಮಾತ್ರ ಒಂದೇ ನೋಟಕ್ಕೆ ಒಪ್ಪಿಕೊಂಡೆ. ಏಕೆಂದರೆ ಆರಿಸಿದವರು ನಮ್ಮಪ್ಪ. ಇಂಥವನ ಕೈಗೆ ಸರ್ಕಾರ ಒಂದು ಮೋಟಾರು ದೋಣಿ ಕೊಟ್ಟು, ಅದಕ್ಕೆ ಹಗ್ಗ ನೋಡಪ್ಪಾ ಎಂದಿತು.

ಮೈಸೂರು ರಾಜ್ಯ ಕರ್ನಾಟಕವಾದ ಹೊಸತು. ಚಿಂಚೋಳಿ ಕಡೆಯ ಅಣೆಕಟ್ಟೊಂದರಲ್ಲಿ ನಾನು ಓವರ್ಸಿಯರ್. ಹಿನ್ನೀರಿನ ತಪಾಸಣೆಗೆಂದು ಹತ್ತು ಜನ ಕೂರುವ ದೋಣಿ ಲಾರಿ ಏರಿ ಬಂತು. ಕಟ್ಟುವ ಹಗ್ಗ ಬರಲಿಲ್ಲ. ಕಟ್ಟೆಗೆ ತಾಗಿ ಮೈ ಕೆರೆಯದಂತೆ ಬದಿಗೆ ಇಳಿಬಿಡುವ ಮೆತ್ತೆಗಳೂ ಬರಲಿಲ್ಲ. ನೀರಿಗಿಳಿಯುವ ನಮ್ಮ ಮೆಟ್ಟಿಲುಗಳೋ ಶಹಾಬಾದ ಕಲ್ಲಿನವು, ಅಂಚು ಕುಡಗೋಲಿನಷ್ಟು ಹರಿತ. “ಹಗ್ಗ, ಮೆತ್ತಿ ಆಗೂತನ ನೀರಿಗಿ ಇಳಸಬ್ಯಾಡ್ರಿ. ಬಣ್ಣಕ್ಕ ಒಂದು ಗೀರು ಬಿದ್ರೂ ನಿಮ್ಮನ್ನೇ ಕೇಳ್ತೀನಿ,” ಎಂದು ಹೇಳಿ ಇಂಜಿನಿಯರ್ ಸಾಹೇಬರು ಜೀಪು ಹತ್ತಿದರು. ದೋಣಿ ಮರಳಿನ ಚೀಲಗಳ ಮೇಲೆ ಕೂತಿತು.

ದೋಣಿ ಬಂದದ್ದಕ್ಕೆ ನನಗಿಂತ ಹೆಚ್ಚು ಹಿಗ್ಗಿದವಳು ಸುಭದ್ರೆ. ಅವಳ ತವರೂರು ಅದೇ ನೀರಿನ ತಳದಲ್ಲಿತ್ತು. ಮನೆ, ಹಿತ್ತಲು, ಹುಣಸೆಮರ ಎಲ್ಲ ಮುಳುಗಿ, ಅಣ್ಣ ವಾಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ನಾಗರ ಪಂಚಮಿ ಬಂದರೆ ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೊರಡುತ್ತಿದ್ದರು. ಇವಳು ಕಟ್ಟೆಯ ಮೇಲೆ ನಿಂತು ನೀರು ನೋಡುತ್ತಿದ್ದಳು. “ಒಮ್ಮೆ ನಮ್ಮ ಮನಿ ಮ್ಯಾಲಿಂದ ಹಾದು ಬರೋಣ್ರೀ. ತವರಿಗಿ ಹೋಗಿ ಬಂದಂಗಾತದ,” ಎಂದಳು. ಸಾಹೇಬರು, ಮೊದಲ ಸಲ ಇಳಿಸಿದಾಗ ಕರೆದುಕೊಂಡು ಹೋಗಿ ಎಂದು ಒಪ್ಪಿದರು. ಉಳಿದದ್ದು ಹಗ್ಗ, ಮೆತ್ತೆ ಎರಡೇ. ಆಗಿನ್ನೂ ಚಳಿಗಾಲ.

ಸೇಡಂ ಸಂತೆಯಲ್ಲಿ ಪುಂಡಿನಾರಿನ ಹಗ್ಗ ನೋಡಿ, ನೆನೆದು ಕೊಳೆತೀತೆಂದು ಬಿಟ್ಟೆ. ನೂಲಿನ ಹಗ್ಗ ಕೈಗೆ ಹಿತ, ಆದರೆ ನೆನೆದರೆ ಬಿಗಿದುಕೊಂಡು ಗಂಟು ಬಿಚ್ಚಲು ಹಲ್ಲೇ ಬೇಕು. ಆಗಷ್ಟೇ ಅಂಗಡಿಗೆ ಬಂದಿದ್ದ ನೈಲಾನು ಗಟ್ಟಿಯೇನೋ ಹೌದು, ನನ್ನ ಗಂಟು ಮಾತ್ರ ಅದರಲ್ಲಿ ನಿಲ್ಲುತ್ತಿರಲಿಲ್ಲ. ದಿನಾ ಮನೆ ಮುಂದಿನ ಬೇವಿನ ಮರಕ್ಕೆ ಒಂದೊಂದು ಹಗ್ಗ ಕಟ್ಟಿ ಜಗ್ಗಿ ನೋಡುತ್ತಿದ್ದೆ. ಪಕ್ಕದ ಮನೆಯವರು, “ಎಮ್ಮಿ ಯಾವಾಗ ತರ್ತೀರ್ರಿ?” ಎಂದು ಕೇಳತೊಡಗಿದರು.

ಮೆತ್ತೆಯ ಕಥೆ ಇನ್ನೊಂದು. ಹಳೆಯ ಲಾರಿ ಟೈರು ಇಳಿಬಿಟ್ಟು ನೋಡಿದರೆ ಬಿಳಿ ಬಣ್ಣಕ್ಕೆ ಕಪ್ಪು ಹತ್ತಿತು. ಟೈರಿಗೆ ಗೋಣಿಚೀಲ ಸುತ್ತಿದೆ. ಚೀಲದಲ್ಲಿ ಮರಳು ಸೇರಿ ಉಜ್ಜತೊಡಗಿತು. ಹೀಗೇ ಬೇಸಿಗೆಯೂ ಕಳೆಯಿತು. ಒಂದು ದಿನ ಸುಭದ್ರೆ ಟ್ರಂಕಿನಿಂದ ತನ್ನ ತಾಯಿ ಹೊಲಿದ ಕೌದಿ ತೆಗೆದು ನನ್ನ ಮುಂದಿಟ್ಟಳು. “ಇದನ್ನರ ಸುತ್ರಿ. ಅವ್ವನ ಹಳೀ ಸೀರಿ ಅವ ಇದ್ರಾಗ, ಭಾಳ ಮೆತ್ತಗದ. ಆದ್ರ ಈ ಪಂಚಮಿಗರ ನಡೀರಿ.” ನಾನು ಬೇಡ ಎನ್ನಬೇಕಿತ್ತು. ಹರಿದು ಟೈರುಗಳಿಗೆ ಸುತ್ತಿದೆ. ಬಹಳ ಚೆನ್ನಾಗಿ ಹೊಂದಿತು.

ಪಂಚಮಿಯ ಹಿಂದಿನ ದಿನ ದೋಣಿ ನೀರಿಗಿಳಿಯಿತು. ಕೊನೆಗೆ ಗೆದ್ದದ್ದು ನೈಲಾನು; ಅಷ್ಟರಲ್ಲಿ ಅದರಲ್ಲಿ ನಿಲ್ಲುವ ಗಂಟು ಕಲಿತಿದ್ದೆ. ಎಷ್ಟು ಉದ್ದ ಬಿಡೋಣ ಎಂದು ಚೌಕಿದಾರ ಖಾಜಾಸಾಬನನ್ನು ಕೇಳಿದೆ. “ಗಿಡ್ಡ ಕಟ್ರಿ ಸಾಹೇಬ್ರ. ಹಗ್ಗ ಉದ್ದಾದ್ರ ಎತ್ತು ಮಂದಿ ಹೊಲಕ್ಕ ಬಾಯಿ ಹಾಕ್ತದ,” ಎಂದ. ನಾನೂ ಒಕ್ಕಲುತನದ ಮನೆಯವನು, ಮಾತು ಮನಸ್ಸಿಗೆ ಬಂತು. ಮೆಟ್ಟಿಲಿನ ಕಬ್ಬಿಣದ ಬಳೆಗಳಿಗೆ ಹಿಂದೆ, ಮುಂದೆ ಬಿಗಿದು ಕಟ್ಟಿದೆವು. ದೋಣಿ ಮಿಸುಕಲಿಲ್ಲ. ಎಷ್ಟು ಹೆಮ್ಮೆಯಾಯಿತೆಂದರೆ ಎರಡು ಸಲ ತಿರುಗಿ ನೋಡಿ ಮನೆಗೆ ಬಂದೆ.

ಅಂದು ರಾತ್ರಿ, ನಮಗೆ ನೀರು ಬರುವ ಕಡೆಯ ಕುಂಚಾವರಂ ಕಾಡಿನಲ್ಲಿ ಜೋರು ಮಳೆ ಬಿದ್ದಿತ್ತಂತೆ. ಬೆಳಿಗ್ಗೆ ಸುಭದ್ರೆ ಹೊಸ ಸೀರೆಯುಟ್ಟು, ಹಬ್ಬಕ್ಕೆ ಕಟ್ಟಿದ ಎಳ್ಳಿನ ಉಂಡಿಯ ಗಂಟು ಹಿಡಿದು ನನ್ನ ಹಿಂದೆ ಬಂದಳು. ನೀರು ಆಳೆತ್ತರ ಏರಿತ್ತು. ದೋಣಿಯೂ ಅದರೊಂದಿಗೆ ಏರಬೇಕಿತ್ತು, ಆದರೆ ನನ್ನ ಹಗ್ಗ ಬಿಟ್ಟಿರಲಿಲ್ಲ. ಒಂದು ಬದಿ ತಗ್ಗಿ, ನೀರು ನುಗ್ಗಿ, ಮುಳುಗಿಹೋಗಿತ್ತು. ಆಮೇಲೆ ಎತ್ತಿಸಿದಾಗ ಸಾಹೇಬರು ಕೈಯಾಡಿಸಿ ಪರೀಕ್ಷಿಸಿದರು: ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ದೋಣಿ ಬೇರೆ ಯಾವುದೋ ಅಣೆಕಟ್ಟಿಗೆ ಹೋಯಿತು, ಮತ್ತೆ ಬರಲಿಲ್ಲ.

ಆ ಬೆಳಿಗ್ಗೆ ಸುಭದ್ರೆ ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬಹಳ ಹೊತ್ತು ನೀರು ನೋಡಿ, “ದೋಣಿ ನಮ್ಮ ತವರಿಗಿ ಹೋತು ನೋಡ್ರಿ. ನಾವಷ್ಟೇ ಉಳದ್ವಿ,” ಎಂದಳು. ಉಂಡಿ ಒಂದೊಂದಾಗಿ ನೀರಿಗೆ ಬಿಟ್ಟಳು. ಓಡುವ ದೋಣಿಗೆ ಹಗ್ಗ ಯಾಕೆ ಬೇಕು, ಯಾವುದೋ ಒಂದು ಹಗ್ಗ ಇಟ್ಟುಕೊಂಡು ಅವಳನ್ನು ಒಮ್ಮೆ ಕೂಡಿಸಿಕೊಂಡು ಹೋಗಬಹುದಿತ್ತಲ್ಲ ಎಂದು ನನಗೆ ಆಗ ಹೊಳೆಯಿತು. ಇವತ್ತಿಗೂ ಅದು ನೆನಪಾದರೆ ಊಟ ರುಚಿಸುವುದಿಲ್ಲ.

ಈಗಲೂ ಪಂಚಮಿಗೆ ಇಬ್ಬರೂ ಕಟ್ಟೆಗೆ ಹೋಗುತ್ತೇವೆ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಬಗ್ಗಿ ಅವಳು ಉಂಡಿ ಬಿಡುವಾಗ ನಾನು ಹಿಂದೆ ನಿಂತು ಸೆರಗು ಹಿಡಿದಿರುತ್ತೇನೆ. ಬುದ್ಧಿ ಕಲಿತವನಲ್ಲವೇ, ತುಸು ಸಡಿಲವಾಗಿ. ಅವಳು ತಿರುಗಿ ನೋಡದೆಯೇ ಗದರುತ್ತಾಳೆ: “ಜಾರಾಕತ್ತೀನ್ರೀ, ಗಟ್ಟಿ ಹಿಡೀರಿ!”